ತೋಟದ ಕೂಲಿಯಾಳಾಗಿ ಕಲಿತ ಜೋಸೆಫ್ ಪ್ಯಾಕ್ಸ್‌ಟನ್

ಹುಡುಗನು ನಾಲ್ಕಕ್ಷರ ಕಲಿತ ಮೇಲೆ ಇನ್ನು ಗುದ್ದಲಿಯನ್ನು ಮುಟ್ಟಬಾರದು ಎಂಬ ಎಣಿಕೆ ನಮ್ಮ ಗ್ರಾಮಗಳಲ್ಲಿ ಅನೇಕರಿಗೆ ಉಂಟು. ತೋಟದ ಕೆಲಸ ಕಲಿಯುವುದಕ್ಕೆ ಮಗನನ್ನು ಕಳುಹಿಸಬಾರದೇ ಎಂದು ಯಾರಾದರೂ ಕೇಳಿದರೆ, ಮಣ್ಣು ಅಗೆಯುವುದಕ್ಕೂ ನೀರು ಹಾಯಿಸುವುದಕ್ಕೂ ಕಲಿಕೆ ಯಾತಕ್ಕೆ ಎಂದು ತಂದೆಯು ನಗುತ್ತಾನೆ. ಹೀಗೆ ನಗುವವರ ಮುಂದೆ ಇಡುವುದಕ್ಕಾಗಿ ನಾವು ಈ ಸಾರಿ ಇಂಗ್ಲೆಂಡ್ ದೇಶದ ಒಬ್ಬ ತೋಟಗಾರನ ಚರಿತ್ರೆಯನ್ನು ಆರಿಸಿಕೊಂಡಿದ್ದೇವೆ. ಆತನು ನೂರೈವತ್ತು ವರುಷಗಳಿಗೂ ಹಿಂದೆ ತೀರಿಕೊಂಡವನು; ಆದರೂ ನಮ್ಮ ಸಂತೆಯ ಬಾಳೆಹಣ್ಣಿಗೂ ಬೆಂಗಳೂರಿನ ಲಾಲ್‌ಬಾಗಿಗೂ ಆತನ ಕೆಲಸಕ್ಕೂ ಸಂಬಂಧ ಉಂಟೆಂಬದನ್ನು ಓದುಗರು ಮುಂದೆ ಕಾಣುವರು.

ಜೋಸೆಫ್ ಪ್ಯಾಕ್ಸ್‌ಟನ್ 1803ನೆಯ ಇಸವಿ ಆಗಸ್ಟ್ ತಿಂಗಳ 3ನೆಯ ತಾರೀಖಿನಲ್ಲಿ ಬೆಡ್‌ಫರ್ಡ್ ಸೀಮೆಯ ಮಿಲ್ಟನ್ ಬ್ರಯನ್ ಎಂಬ ಹಳ್ಳಿಯಲ್ಲಿ ಹುಟ್ಟಿದನು. ಬೇಸಾಯಗಾರನ ಮನೆ; ಗಂಡುಮಕ್ಕಳಲ್ಲಿ ಈತನು ಏಳನೆಯವನು. ತಂದೆಯು ಬೇಗನೆ ತೀರಿಕೊಂಡನು. ಏಳನೆಯ ಮಗನಿಗೆ ಪಾಲಿನ ಭೂಮಿ ಎಲ್ಲಿಂದ ಬಂದೀತು? ಸುಮಾರು ಹದಿನೈದು ವರುಷ ಪ್ರಾಯದಲ್ಲಿ ಹುಡುಗನು ಸಮೀಪದ ಬ್ಯಾಟಲ್ಸ್‌ಡನ್ ಎಂಬಲ್ಲಿ ಒಬ್ಬ ಶ್ರೀಮಂತನ ತೋಟದಲ್ಲಿ ಆಳುಹುಡುಗನಾಗಿ ಸೇರಿದನು. ಬಳಿಕ ವುಡ್‌ಹಾಲ್ ಎಂಬ ಬೇರೊಂದು ತೋಟದಲ್ಲಿ ನುರಿತ ಮೇಸ್ತ್ರಿಯೊಬ್ಬನ ಕೈಕೆಳಗೆ ಕೆಲಸ ಮಾಡಿ, ತಿರಿಗಿ ಬ್ಯಾಟಲ್ಸ್‌ಡನ್ನಿಗೆ ಬಂದು ಅಲ್ಲಿ ದೊಡ್ಡ ಕೆರೆಯೊಂದನ್ನು ಮಾಡಿಸಿದನು.

ಆ ಕಾಲದಲ್ಲಿ ಲಂಡನ್ ಪಟ್ಟಣದಲ್ಲಿ ತೋಟಗಾರಿಕೆಯ ಸಂಘವೊಂದು ಇತ್ತು. 1804ರಲ್ಲಿ ಸ್ಥಾಪಿತವಾದ ಈ ಸಂಘದವರು ಚಿಸ್ವಿಕ್ ಎಂಬಲ್ಲಿ ಡೆವನ್‌ಷರ್ ಪ್ರಭುವಿನಿಂದ 33 ಎಕರೆ ಭೂಮಿಯನ್ನು ಗೇಣಿಗೆ ಹಿಡಿದು ತೋಟವನ್ನು ಮಾಡಿದ್ದರು. ಲೋಕದ ನಾನಾ ದಿಕ್ಕುಗಳಿಂದ ಬಂದ ಬೀಜಗಳನ್ನೂ ಸಸಿಗಳನ್ನೂ ಅಲ್ಲಿ ನೆಟ್ಟು ಪರೀಕ್ಷಿಸುತ್ತಿದ್ದರು. ಅಲ್ಲಿಗೆ ಯೌವನಸ್ಥರನ್ನು ಕೂಲಿಯಾಳುಗಳಾಗಿ ತೆಗೆದುಕೊಂಡು ಕಲಿಸುವ ಪದ್ಧತಿಯೂ ಇತ್ತು. ಪ್ರತಿಯೊಬ್ಬನು ತರಕಾರಿಯ ಪಾತಿಗಳಲ್ಲಿ, ಹಣ್ಣಿನ ಮರಗಳಲ್ಲಿ, ಹೂವಿನ ಕುಂಡಗಳಲ್ಲಿ, ಗಾಜಿನ ಮನೆಗಳಲ್ಲಿ ಒಂದಾದ ಮೇಲೊಂದರಂತೆ ದುಡಿಯಬೇಕು. ಎಲ್ಲವನ್ನೂ ಕಲಿತವನನ್ನು ಸಂಘದವರು ದೊಡ್ಡ ತೋಟಗಳ ಯಜಮಾನರಿಗೆ ಶಿಫಾರಸು ಮಾಡುವರು. ಸೇರುವವನು ತನ್ನ ಹುಟ್ಟು, ಹಿಂದಿನ ಕೆಲಸ ಮುಂತಾದವುಗಳನ್ನು ಪುಸ್ತಕವೊಂದರಲ್ಲಿ ತನ್ನ ಸ್ವಂತ ಕೈಬರಹದಲ್ಲಿ ಬರೆಯಬೇಕಾಗಿತ್ತು. ಬರೆಯಲಾರದವನಿಗೆ ಅಲ್ಲಿ ಸ್ಥಳವಿಲ್ಲ. ಗುದ್ದಲಿಗೆ ಅಕ್ಷರವು ಬೇಡವೆನ್ನುವವರೂ ಅಕ್ಷರಕ್ಕೆ ಗುದ್ದಲಿಯು ಬೇಡವೆನ್ನುವವರೂ ಈ ನಿಯಮವನ್ನು ಗಮನಿಸಲಿ.

1823ರ ನವೆಂಬರ್ ತಿಂಗಳಲ್ಲಿ ಪ್ಯಾಕ್ಸ್‌ಟನ್ ಆ ಪುಸ್ತಕದಲ್ಲಿ ತನ್ನ ಹೆಸರನ್ನು ಬರೆದನು. ಆದರೆ ಹುಟ್ಟಿದ ವರುಷ 1801 ಎಂದು ಬರೆದನು. ಇಪ್ಪತ್ತು ವರುಷದ ತಾನು ಇಪ್ಪತ್ತೆರಡು ವರುಷದವನಾಗಿ ಕಾಣಬೇಕೆಂಬ ಆಶೆ ಇದ್ದಿರಬೇಕು. ಸುಳ್ಳು ಸುಳ್ಳೇ, ಆ ಹಾಳೆಯನ್ನು ಓದುಗರಿಂದ ಮರೆಮಾಡುವುದು ನಮಗೆ ಸರಿಕಾಣಲಿಲ್ಲ. ಕೆಲಸವಿಲ್ಲದೆ ಅಲೆಯುವ ಬಡ ಹುಡುಗನ ಭಯವು ಎಂಥದೆಂದು ನಾವು ಬಲ್ಲೆವು, ಆದರೂ ಆತನು ಅದನ್ನು ಬರೆಯದೆ ಇದ್ದರೆ ಚೆನ್ನಾಗಿತ್ತು.

ಮುಂದಿನ ವರುಷವೇ ಆತನು ಮರಗಳ ವಿಭಾಗದಲ್ಲಿ ಮೇಸ್ತ್ರಿಯಾದನು. ವಾರಕ್ಕೆ 18 ಶಿಲ್ಲಿಂಗು ಸಂಬಳ. ಕೆಲಸವು ಹೆಚ್ಚಿದಂತೆ ಸಂಬಳವು ಹೆಚ್ಚುವ ಗುರುತು ಕಾಣಲಿಲ್ಲವಾದ್ದರಿಂದ ಅಮೇರಿಕಾ ದೇಶಕ್ಕೆ ಹೋಗಿಬಿಡುವೆನೆಂದು ಆಲೋಚಿಸಿದನು. ಕಲಿಕೆಯ ವರುಷಗಳಲ್ಲಿ ಎಷ್ಟೋ ಹುಡುಗರು ಬಿದ್ದುಹೋಗುವದು ಇಂಥ ಸಮಯದಲ್ಲಿಯೇ. ಡೆವನ್‌ಷರ್ ಪ್ರಭುವಿನ ಮನೆಯು ಈ ತೋಟಕ್ಕೆ ಹೊಂದಿಕೊಂಡೇ ಇತ್ತು. ಪ್ರಭುವು ಆಗಾಗ ತೋಟದೊಳಗೆ ಬಂದು ಗಿಡಗಳನ್ನು ನೋಡುತ್ತಾ ಈ ಯೌವನಸ್ಥನ ಸಂಗಡ ಮಾತಾಡುತ್ತಿದ್ದನು. ಪ್ರಭುವಿಗೆ ಕಿವಿ ಮಂದ. ಪ್ಯಾಕ್ಸ್‌ಟನ್ನನ ಮಾತು ಸ್ಪಷ್ಟ. ಕೇಳಿದ ಪ್ರಶ್ನೆಗೆ ತಿಳಿದ ಉತ್ತರವು ಬರುತ್ತಿತ್ತು. 1826ರಲ್ಲಿ ಪ್ರಭುವು ಡಾರ್ಬಿ ಸೀಮೆಯ ಚಾಟ್ಸ್‌ವರ್ತ್ ಎಂಬ ತನ್ನ ಅರಮನೆಯ ತೋಟಕ್ಕೆ ಆತನನ್ನು ಮುಖ್ಯ ತೋಟಗಾರನಾಗಿ ನೇಮಿಸಿ, ತಾನು ರಷ್ಯಾ ದೇಶಕ್ಕೆ ರಾಯಭಾರಿಯಾಗಿ ಹೊರಟುಹೋದನು. ಪ್ಯಾಕ್ಸ್‌ಟನ್ನನಿಗೆ ಆಗ ಇಪ್ಪತ್ತಮೂರು ವರುಷವೂ ತುಂಬಿರಲಿಲ್ಲ.

ಮೇ ತಿಂಗಳ 9ನೆಯ ತಾರೀಖಿನ ಬೆಳಗಿನ ವಿಷಯವನ್ನು ಆತನೇ ಮುಂದೆ ಹೇಳುತ್ತಿದ್ದನು. ರಾತ್ರಿಯೆಲ್ಲಾ ಕುದುರೆಗಾಡಿಯಲ್ಲಿ ಪ್ರಯಾಣಮಾಡಿ ನಾಲ್ಕೂವರೆ ಘಂಟೆಗೆ ಚಾಟ್ಸ್‌ವರ್ತ್ ತಲಪಿದನು. ಯಾರೂ ಎದ್ದಿರಲಿಲ್ಲ. ಬಾಗಲನ್ನು ಹತ್ತಿ ಒಳಗೆ ಇಳಿದು ತೋಟವನ್ನೆಲ್ಲಾ ಸುತ್ತಿ ನೋಡಿದನು. ಆರು ಘಂಟೆಗೆ ಆಳುಗಳು ಬಂದ ಕೂಡಲೆ ಅವರಿಗೆ ಕೆಲಸವನ್ನು ಹಂಚಿದನು. ನೀರಿನ ಯಂತ್ರಗಳನ್ನು ನಡಿಸಿ ನೋಡಿದನು. ಬಳಿಕ ಮನೆವಾರ್ತೆಯ ಅಮ್ಮನವರ ಬಳಿಯಲ್ಲಿ ಉಪಾಹಾರಕ್ಕೆ ಕೂತಾಗ ಅವರ ತಂಗಿಯ ಮಗಳಾದ ಸಾರಳನ್ನು ಕಂಡು ಮೆಚ್ಚಿದನು. ಇದೆಲ್ಲಾ ಒಂಭತ್ತು ಘಂಟೆಯೊಳಗೆ! ಮುಂದಿನ ವರುಷ ಇವರಿಬ್ಬರಿಗೆ ವಿವಾಹವಾಯಿತು. ಆತನು ಊರಲ್ಲಿಲ್ಲದ ದಿನಗಳಲ್ಲಿ ತೋಟದ ಲೆಕ್ಕವನ್ನೂ ಆಳುಗಳನ್ನೂ ನೋಡಿಕೊಂಡವಳು ಸಾರಳೇ. ದೊಡ್ಡವರ ಚರಿತ್ರೆಗಳಲ್ಲಿ ಇಂಥ ಹೆಂಡತಿಯರಿಗೆ ಒಂದೆರಡು ಸಾಲುಗಳಷ್ಟೇ ಸಿಕ್ಕುತ್ತವೆ. ನಾವೂ ಆ ತಪ್ಪನ್ನೇ ಮಾಡುತ್ತಿದ್ದೇವೆ.

ಇಂಗ್ಲೆಂಡಿನ ಚಳಿಗಾಲದಲ್ಲಿ ನಮ್ಮ ದೇಶದ ಬಾಳೆ, ತೆಂಗು ಮುಂತಾದವು ಬಯಲಿನಲ್ಲಿ ಬದುಕವು. ಅವುಗಳಿಗೆ ಗಾಜಿನ ಮನೆ ಬೇಕು, ಒಳಗೆ ಬೆಂಕಿಯ ಕಾವು ಬೇಕು. ಪ್ಯಾಕ್ಸ್‌ಟನ್ನನು ಈ ಮನೆಗಳ ಮಾಳಿಗೆಯನ್ನು ಏರಿಳಿತಗಳುಳ್ಳ ಮಡಿಕೆಗಳ ಹಾಗೆ ಕಟ್ಟುವುದನ್ನು ತಿದ್ದಿ ಸುಲಭಮಾಡಿದನು. ಹಾಗೆ ಕಟ್ಟಿದರೆ ಬೆಳಗಿನ ಮತ್ತು ಸಾಯಂಕಾಲದ ಎಳೆಬಿಸಿಲು ಗಾಜಿಗೆ ನೇರವಾಗಿ ಬಿದ್ದು ಒಳಗೆ ಬರುತ್ತದೆ. ನಡುಮಧ್ಯಾಹ್ನದ ಉರಿಬಿಸಿಲು ಓರೆಯಾಗಿ ಬಿದ್ದು ಸಸಿಗಳನ್ನು ಸುಡುವದಿಲ್ಲ. 1836ರಿಂದ 1841ರ ವರೆಗೆ ಚಾಟ್ಸ್‌ವರ್ತಿನಲ್ಲಿ ಆತನು ಎಬ್ಬಿಸಿದ ದೊಡ್ಡ ಗಾಜಿನ ಮನೆಯು 277 ಅಡಿ ಉದ್ದ, 123 ಅಡಿ ಅಗಲ. ಎಂಟು ಒಲೆಗಳಲ್ಲಿ ಕಾದ ನೀರು ಏಳು ಮೈಲು ಉದ್ದದ ಕೊಳವೆಗಳಲ್ಲಿ ಹರಿದು ಅದನ್ನು ಬೆಚ್ಚಗೆ ಇಡುತ್ತಿತ್ತು.

ಬಾಳೆಯ ಸಂಗತಿಯನ್ನು ಹೇಳುವೆವೆಂದೆವಲ್ಲಾ. ಮಾರಿಷಸ್ ದ್ವೀಪದಿಂದ ಇಂಗ್ಲೆಂಡಿಗೆ ಬಂದ ಒಂದು ಗಿಡ್ಡಜಾತಿಯ ಬಾಳೆಯನ್ನು ಪ್ಯಾಕ್ಸ್‌ಟನ್ನನು ತಂದು, ಹೇರಳವಾದ ನೀರನ್ನೂ ಕೊಬ್ಬಿದ ಮಣ್ಣನ್ನೂ ಕೊಟ್ಟು ಬೆಳೆಸಿದನು. 1835ರ ನವೆಂಬರಿನಲ್ಲಿ ಅದು ಹೂಬಿಟ್ಟು ಮುಂದಿನ ವರುಷ ಗೊನೆಕೊಟ್ಟಿತು. ಪ್ರಭುವಿನ ಮನೆತನದ ಹೆಸರು ಕ್ಯಾವೆಂಡಿಷ್ ಆದದರಿಂದ ಬಾಳೆಗೂ ಅದೇ ಹೆಸರಾಯಿತು. ಲಂಡನ್ ಮಿಶನಿನ ಜಾನ್ ವಿಲ್ಯಮ್ಸ್ ಅಯ್ಯನವರು 1838ರಲ್ಲಿ ದಕ್ಷಿಣ ಸಮುದ್ರದ ದ್ವೀಪಗಳಿಗೆ ತಿರಿಗಿ ಹೊರಟಾಗ ಈ ಬಾಳೆಯ ಸಸಿಗಳನ್ನು ಬಿಗಿಯಾಗಿ ಮುಚ್ಚಿದ ಗಾಜಿನ ಪೆಟ್ಟಿಗೆಗಳಲ್ಲಿಟ್ಟು ಸಂಗಡ ಕೊಂಡುಹೋದರು. ಅಂಥ ಪೆಟ್ಟಿಗೆಯೊಳಗೆ ಮಣ್ಣಿನ ತೇವವು ಆವಿಯಾಗಿ ಗಾಜಿಗೆ ತಾಗಿ ತಿರಿಗಿ ಮಣ್ಣಿಗೇ ಇಳಿಯುತ್ತದೆ. ಕಡಲಿನ ಉಪ್ಪುಗಾಳಿಯು ಸಸಿಯನ್ನು ಮುಟ್ಟುವದಿಲ್ಲ. ಸಮೋವಾ ದ್ವೀಪದಲ್ಲಿ ಆ ಸಸಿಗಳಲ್ಲಿ ಬದುಕಿದ್ದು ಒಂದೇ. ಅದರ ಕಂದುಗಳಿಂದ ದ್ವೀಪವೆಲ್ಲಾ ಬಾಳೆಯಾಗಿ, ಟೋಂಗಾ, ಫಿಜಿ ದ್ವೀಪಗಳಿಗೂ ಹಬ್ಬಿತು. ವಿಲ್ಯಮ್ಸ್ ಅಯ್ಯನವರು 1839ರ ನವೆಂಬರಿನಲ್ಲಿ ಎರೊಮಾಂಗ ದ್ವೀಪದಲ್ಲಿ ಕೊಲ್ಲಲ್ಪಟ್ಟರು. ನಮ್ಮ ಸಂತೆಗಳಲ್ಲಿ ಮಾರುವ ಪಚ್ಚಬಾಳೆಯೂ ಈ ಕ್ಯಾವೆಂಡಿಷ್ ಕುಲದ್ದೇ.

ಚಾಟ್ಸ್‌ವರ್ತ್ ತೋಟವೇ ಯೌವನಸ್ಥರಿಗೆ ಕಲಿಯುವ ಸ್ಥಳವಾಯಿತು. ತಾನು ಚಿಸ್ವಿಕ್ಕಿನಲ್ಲಿ ಪಡೆದದ್ದನ್ನು ಪ್ಯಾಕ್ಸ್‌ಟನ್ನನು ಇಲ್ಲಿ ಇತರರಿಗೆ ಕೊಟ್ಟನು. ಆತನ ಕೈಕೆಳಗೆ ನುರಿತ ಜಾನ್ ಗಿಬ್ಸನ್ ಎಂಬವನನ್ನು 1835ರಲ್ಲಿ ನಮ್ಮ ದೇಶಕ್ಕೆ ಕಳುಹಿಸಲಾಯಿತು. ಅವನು ಕಲ್ಕತ್ತೆಯ ಮೂಲಕ ಖಾಸಿ ಬೆಟ್ಟಗಳಿಗೆ ಹೋಗಿ ಅಪೂರ್ವವಾದ ಸೀತಾಳೆ ಗಿಡಗಳನ್ನು ಕೂಡಿಸಿ 1837ರಲ್ಲಿ ಸುಖವಾಗಿ ತಿರಿಗಿದನು. ಎಡ್ವರ್ಡ್ ಕೆಂಪ್, ಎಡ್ವರ್ಡ್ ಮಿಲ್ನರ್ ಎಂಬವರೂ ಇಲ್ಲಿಯೇ ಕಲಿತು ಮುಂದೆ ಹೆಸರಾದ ಉದ್ಯಾನಗಳನ್ನು ರಚಿಸಿದರು. ಎಲ್ಲರಿಗೂ ಆ ಭಾಗ್ಯವಿರಲಿಲ್ಲ. ರಾಬರ್ಟ್ ವಾಲೇಸ್, ಪೀಟರ್ ಬ್ಯಾಂಕ್ಸ್ ಎಂಬ ಇಬ್ಬರು ಯೌವನಸ್ಥ ತೋಟಗಾರರನ್ನು ಉತ್ತರ ಅಮೇರಿಕಾಕ್ಕೆ ಮರಗಳ ಬೀಜ ತರುವುದಕ್ಕೆ ಕಳುಹಿಸಿದ್ದರು. 1838ರಲ್ಲಿ ಕೊಲಂಬಿಯಾ ಹೊಳೆಯ ಸೆಳವಿನಲ್ಲಿ ದೋಣಿ ಮುಳುಗಿ ಇಬ್ಬರೂ ಸತ್ತರು. ಈ ಸುದ್ದಿಯು ಪ್ಯಾಕ್ಸ್‌ಟನ್ನನನ್ನು ಬಹಳವಾಗಿ ನೋಯಿಸಿತು. ನಾವು ಅರಮನೆಯ ತೋಟಗಳ ಅಂದವನ್ನು ಓದುವಾಗ ಈ ಇಬ್ಬರನ್ನೂ ಮರೆಯಬಾರದು.

1849ರಲ್ಲಿ ಆತನಿಗೆ ದಕ್ಷಿಣ ಅಮೇರಿಕಾದ ಮಹಾ ನೈದಿಲೆಯ ಸಸಿಯೊಂದು ಕ್ಯೂ ಎಂಬ ಸರಕಾರಿ ತೋಟದಿಂದ ದೊರೆಯಿತು. ಬೆಚ್ಚಗಿನ ನೀರಿನ ತೊಟ್ಟಿಯಲ್ಲಿ ಅದನ್ನಿಟ್ಟು, ಹುಟ್ಟೂರಿನ ಹೊಳೆಯಂತೆ ನೀರು ಮೆಲ್ಲಗೆ ಅಲುಗಾಡುವ ಹಾಗೆ ಚಿಕ್ಕ ಚಕ್ರವನ್ನು ಹೂಡಿದನು. ನವೆಂಬರಿನಲ್ಲಿ, ಕ್ಯೂ ತೋಟದಲ್ಲಿಗಿಂತ ಮೊದಲೇ, ಅದು ಹೂಬಿಟ್ಟಿತು. ಆತನ ಚಿಕ್ಕ ಮಗಳು ಎಲೆಯ ಮೇಲೆ ನಿಂತಳು; ಎಲೆ ಮುಳುಗಲಿಲ್ಲ. ಅಡಿಯಲ್ಲಿ ತೊಲೆಗಳ ಹಾಗೆ ಹರಡಿ ಅಡ್ಡನರಗಳಿಂದ ಬಿಗಿಯಲ್ಪಟ್ಟ ಅದರ ನರಗಳನ್ನು ಆತನು ಲಕ್ಷ್ಯವಿಟ್ಟು ನೋಡಿದನು.

ಅದರ ಮುಂದಿನ ವರುಷ ಲಂಡನ್ನಿನಲ್ಲಿ ಸರ್ವದೇಶಗಳ ಪ್ರದರ್ಶನಕ್ಕಾಗಿ ಒಂದು ಮಹಾಭವನ ಬೇಕಾಯಿತು. 245 ನಕ್ಷೆಗಳು ಬಂದವು, ಒಂದೂ ಒಪ್ಪಿಗೆಯಾಗಲಿಲ್ಲ. ಶಿಲ್ಪಶಾಲೆಯ ಮೆಟ್ಟಲನ್ನೂ ತುಳಿಯದ ತೋಟಗಾರನು ತನ್ನ ಗಾಜಿನ ಮನೆಯನ್ನೇ ಹಿಗ್ಗಿಸಿ ನಕ್ಷೆಯನ್ನು ಬರೆದನು. ಕಬ್ಬಿಣ, ಮರ, ಗಾಜುಗಳಿಂದ 1848 ಅಡಿ ಉದ್ದದ ಆ ಭವನವು ಕೆಲವೇ ತಿಂಗಳುಗಳಲ್ಲಿ ಎದ್ದುನಿಂತು, 1851ರ ಮೇ 1ರಂದು ತೆರೆಯಲ್ಪಟ್ಟಿತು. ಅಲ್ಲಿದ್ದ ದೊಡ್ಡ ಮರಗಳನ್ನು ಕಡಿಯದೆ ಗಾಜಿನ ಒಳಗೇ ಉಳಿಸಿಕೊಂಡದ್ದು ತೋಟಗಾರನಿಗೆ ತಕ್ಕದ್ದೇ. ಅಕ್ಟೋಬರಿನೊಳಗೆ ಅರುವತ್ತು ಲಕ್ಷ ಜನರು ಬಂದು ನೋಡಿದರು. ರಾಣಿಯು ಆತನಿಗೆ ಸರ್ ಎಂಬ ಪದವಿಯನ್ನು ಕೊಟ್ಟಳು. 1854ರಿಂದ ಆತನು ಪಾರ್ಲಿಮೆಂಟಿನ ಸದಸ್ಯನೂ ಆಗಿದ್ದನು. 1865ರ ಜೂನ್ 8ರಂದು ತೀರಿಕೊಂಡಾಗ ಚಾಟ್ಸ್‌ವರ್ತಿನ ಪಕ್ಕದ ಎಡೆನ್ಸರ್ ಹಳ್ಳಿಯ ದೇವಾಲಯದ ಅಂಗಳದಲ್ಲಿ ಹೂಣಿಟ್ಟರು.

ಆತನ ಲಂಡನ್ನಿನ ಭವನದ ಮಾದರಿಯನ್ನು ನೋಡಿ 1889ರಲ್ಲಿ ಬೆಂಗಳೂರಿನ ಲಾಲ್‌ಬಾಗಿನ ಗಾಜಿನ ಮನೆಗೆ ಅಸ್ತಿವಾರ ಹಾಕಿದರು. ಫಲಪುಷ್ಪ ಪ್ರದರ್ಶನಕ್ಕೆ ಹೋದ ನಮ್ಮವರು ಅನೇಕರು ಅದರೊಳಗೆ ನಡೆದಿದ್ದಾರೆ. ಲಂಡನ್ನಿನ ಭವನವು 1936ರ ನವೆಂಬರ್ 30ರಂದು ಬೆಂಕಿಗೆ ಆಹುತಿಯಾಯಿತು. ಚಾಟ್ಸ್‌ವರ್ತಿನ ದೊಡ್ಡ ಗಾಜಿನ ಮನೆಗೆ ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಕಲ್ಲಿದ್ದಲು ಸಿಕ್ಕದೆ ಗಿಡಗಳು ಚಳಿಯಿಂದ ಸತ್ತವು. 1920ರಲ್ಲಿ ಅದನ್ನು ಕೆಡವಲು ಸಿಡಿಮದ್ದು ಇಟ್ಟರು. ಮೊದಲನೆಯ ಸಾರಿ ಅದು ಬೀಳಲಿಲ್ಲ. ಮತ್ತೆ ಮತ್ತೆ ಮದ್ದು ಇಡಬೇಕಾಯಿತು.