ಚಿತ್ರಗಾರ ಕೆ. ವೆಂಕಟಪ್ಪ: ನಾನು ಬಿಟ್ಟುಹೋಗಿದ್ದ ಒಂದು ಅಂಶ

ಬೋಧನಾಭ್ಯಾಸಕ್ಕಾಗಿ ಚೊಳಚಗುಡ್ಡದ ಶಾಲೆಗೆ ಹೋದಾಗ ಎಂಟನೆಯ ತರಗತಿಗೆ ಕಲಾವಿದ ಕೆ. ವೆಂಕಟಪ್ಪನವರ ಜೀವನವನ್ನು ಪಾಠವಾಗಿ ಆರಿಸಿಕೊಂಡೆ. ಮಕ್ಕಳು ಬಾದಾಮಿಯ ಮೂರನೆಯ ಗುಹೆಯ ಮಾಸಿದ ಬಣ್ಣಗಳನ್ನು ನೋಡಿದ್ದರು. ಪೂರ್ವಜ್ಞಾನಕ್ಕೆ ಅದೇ ಸಾಕಾಯಿತು.

ವೆಂಕಟಪ್ಪನವರು ಹುಟ್ಟಿದ್ದು 1886ರಲ್ಲಿ, ಮೈಸೂರು ಅರಮನೆಯನ್ನು ನಂಬಿದ್ದ ಚಿತ್ರಗಾರ ಮನೆತನದಲ್ಲಿ. ಹುಡುಗನ ಕೈಚಳಕ ಮೆಚ್ಚಿದ ನಾಲ್ವಡಿ ಕೃಷ್ಣರಾಜ ಒಡೆಯರು 1909ರಲ್ಲಿ ಅವರನ್ನು ಕಲ್ಕತ್ತೆಯ ಸರ್ಕಾರಿ ಕಲಾಶಾಲೆಗೆ ಕಳಿಸಿದರು. ಅಲ್ಲಿ ಅವನೀಂದ್ರನಾಥ ಠಾಕೂರರು ಗುರುಗಳು, ನಂದಲಾಲ ಬೋಸರು ಸಹಪಾಠಿ. ಅಜಂತೆಯ ಭಿತ್ತಿಚಿತ್ರಗಳನ್ನು ನಕಲು ಮಾಡಲು ಹೋದ ತಂಡದಲ್ಲಿ ಇವರೂ ಇದ್ದರು. ಸೋದರಿ ನಿವೇದಿತಾ ಮತ್ತು ಆನಂದ ಕುಮಾರಸ್ವಾಮಿಯವರ ಪುರಾಣಕಥೆಗಳ ಪುಸ್ತಕಕ್ಕೆ ರಾಮಾಯಣದ ಚಿತ್ರಗಳನ್ನು ಬರೆದುಕೊಟ್ಟರು.

ಮೈಸೂರಿಗೆ ಮರಳಿದ ಮೇಲೆ ದಂತದ ಪುಟ್ಟ ಬಿಲ್ಲೆಗಳ ಮೇಲೆ ಭಾವಚಿತ್ರ ಬರೆದರು. ಬೆರಳಗಲದ ಜಾಗದಲ್ಲಿ ಕಣ್ಣು, ಮೂಗು, ಮುಖದ ಭಾವ ಎಲ್ಲವೂ ಮೂಡಬೇಕು. ಊಟಿ, ಕೊಡೈಕೆನಾಲ್‌ಗಳಿಗೆ ಹೋಗಿ ಬೆಟ್ಟದ ಮಂಜನ್ನು ಜಲವರ್ಣದಲ್ಲಿ ಹಿಡಿದರು. ಅರಮನೆಗಾಗಿ ಗಾರೆಯ ಉಬ್ಬುಶಿಲ್ಪಗಳನ್ನು ಮಾಡಿದರು. ವೀಣೆ ಶೇಷಣ್ಣನವರಲ್ಲಿ ವೀಣೆ ಕಲಿತರು. ಮದುವೆಯಾಗಲಿಲ್ಲ.

ನನ್ನ ಪಾಠಯೋಜನೆ ಇಲ್ಲಿಗೆ ಮುಗಿಯುತ್ತಿತ್ತು. ಆಗ, ಮನೆಯಲ್ಲಿ ಮಗ್ಗವಿರುವ ಒಬ್ಬ ಹುಡುಗಿ ಎದ್ದು ನಿಂತು, ಮಹಾರಾಜರು ಒಂದೊಂದು ಚಿತ್ರಕ್ಕೆ ಎಷ್ಟು ಕೊಡುತ್ತಿದ್ದರು ಎಂದು ಕೇಳಿದಳು. ನಾನು ತಡವರಿಸಿದೆ. ಆ ಲೆಕ್ಕ ನನ್ನಲ್ಲಿರಲಿಲ್ಲ. ಆದರೆ ಗೊತ್ತಿದ್ದ ಒಂದು ಸಂಗತಿಯನ್ನು, ಆದರ್ಶ ವ್ಯಕ್ತಿಯ ಪಾಠಕ್ಕೆ ಹೊಂದದೆಂದು, ನಾನೇ ಕೈಬಿಟ್ಟಿದ್ದೆ. 1940ರಲ್ಲಿ ನಾಲ್ವಡಿಯವರು ತೀರಿಕೊಂಡ ಮೇಲೆ ಆ ಶಿಲ್ಪಗಳ ಕೆಲಸ ನಿಂತಿತು. ವೆಂಕಟಪ್ಪನವರು ಬೆಂಗಳೂರಿಗೆ ಬಂದರು. ಮಾಡಿದ ಕೆಲಸಕ್ಕೆ ಸಲ್ಲಬೇಕಾದ ಹಣಕ್ಕಾಗಿ ಅರಮನೆಯ ವಿರುದ್ಧವೇ ನ್ಯಾಯಾಲಯದ ಮೆಟ್ಟಿಲು ಹತ್ತಿದರು.

ಇದನ್ನು ಹೇಳಿದಾಗ ತರಗತಿಯಲ್ಲಿ ಸದ್ದಿರಲಿಲ್ಲ. ಅನ್ನ ಕೊಟ್ಟ ಮನೆಯ ಮೇಲೆ ದಾವೆ ಹೂಡಬಹುದೇ ಎಂದು ಒಬ್ಬ ಹುಡುಗ ಸಂಶಯಪಟ್ಟ. ನೇಯ್ದ ಸೀರೆಗೆ ಕೂಲಿ ಕೇಳುವುದು ತಪ್ಪೇ ಎಂದು ಆ ಹುಡುಗಿ ಮರುಪ್ರಶ್ನೆ ಹಾಕಿದಳು. ಗಂಟೆ ಬಾರಿಸುವವರೆಗೂ ಚರ್ಚೆ ನಡೆಯಿತು. ಮೌಲ್ಯಮಾಪನದ ಪ್ರಶ್ನೆಗಳು ಹಾಗೆಯೇ ಉಳಿದವು.

ವೆಂಕಟಪ್ಪನವರು 1965ರಲ್ಲಿ ತೀರಿಕೊಂಡರು. ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ಚಿತ್ರಶಾಲೆಗೆ ಅವರದೇ ಹೆಸರಿದೆ. ಮುಂದಿನ ಸಲ ಈ ಪಾಠ ಮಾಡುವಾಗ ಆ ದಾವೆಯನ್ನು ನಾನೇ ಮೊದಲು ಹೇಳುತ್ತೇನೆ. ದೊಡ್ಡವರ ಬದುಕಿನಿಂದ ಜಗಳವನ್ನು ತೆಗೆದುಹಾಕಿದರೆ ಮಕ್ಕಳಿಗೆ ಅವರು ಗೋಡೆಯ ಪಟವಾಗಿಯೇ ಉಳಿಯುತ್ತಾರೆ.