ರಕ್ತಪರೀಕ್ಷೆಗೆ ದಾರಿ ತೋರಿದ ಡಾ. ಯಲ್ಲಾಪ್ರಗಡ ಸುಬ್ಬರಾಯರು

ಮನೆಯಲ್ಲಿ ಯಾರಿಗಾದರೂ ಕಾಯಿಲೆಯಾದರೆ ವೈದ್ಯರು ಮೊದಲು ರಕ್ತಪರೀಕ್ಷೆಗೆ ಚೀಟಿ ಬರೆದುಕೊಡುತ್ತಾರೆ. ರಕ್ತಕ್ಕೆ ರಾಸಾಯನಿಕಗಳನ್ನು ಬೆರೆಸಿ, ಮೂಡಿದ ಬಣ್ಣವನ್ನು ಅಳೆದು, ಅಂಕಿ ಬರೆಯುವ ವಿದ್ಯೆಯನ್ನು ಬೆಳೆಸಿದವರಲ್ಲಿ ನಮ್ಮ ಆಂಧ್ರದವರೇ ಆದ ಡಾ. ಯಲ್ಲಾಪ್ರಗಡ ಸುಬ್ಬರಾಯರು ಒಬ್ಬರೆಂಬುದು ಅನೇಕರಿಗೆ ತಿಳಿಯದು.

ಇವರು 1895ರ ಜನವರಿ 12ರಂದು ಭೀಮವರದಲ್ಲಿ ಜನಿಸಿದರು. ತಂದೆ ಜಗನ್ನಾಥಂ, ತಾಯಿ ವೆಂಕಮ್ಮ. ಮನೆಯಲ್ಲಿ ಬಡತನ. ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ಎರಡು ಸಲ ನಪಾಸಾಗಿ, ಮೂರನೆಯ ಸಲ ಮದ್ರಾಸಿನ ಹಿಂದೂ ಹೈಸ್ಕೂಲಿನಿಂದ ತೇರ್ಗಡೆಯಾದರು. (ಫಲಿತಾಂಶದ ದಿನ ಮುಖ ಬಾಡಿಸಿಕೊಂಡು ಕೂರುವ ನಮ್ಮ ವಿದ್ಯಾರ್ಥಿಗಳೂ ಅವರ ತಂದೆತಾಯಿಗಳೂ ಇದನ್ನು ಗಮನಿಸಬೇಕು.) ಅವರ ಇಬ್ಬರು ಸಹೋದರರು ಸ್ಪ್ರೂ ಎಂಬ ಕಾಯಿಲೆಯಿಂದ ತೀರಿಕೊಂಡರು. ತಿಂದ ಆಹಾರ ಮೈಗೆ ಹತ್ತದೆ, ಭೇದಿಯಾಗಿ, ರಕ್ತ ಕುಂದಿ, ದೇಹ ಸವೆದುಹೋಗುವ ಕಾಯಿಲೆ ಅದು. ಆ ಕಾಲದಲ್ಲಿ ಅದಕ್ಕೆ ತಕ್ಕ ಮದ್ದಿರಲಿಲ್ಲ.

ಮದ್ರಾಸ್ ಮೆಡಿಕಲ್ ಕಾಲೇಜಿನಲ್ಲಿ ಓದುವಾಗ ಗಾಂಧೀಜಿಯವರ ಕರೆಗೆ ಓಗೊಟ್ಟು ಖಾದಿ ಉಡುಪು ಧರಿಸಿದರು. ಇದು ಶಸ್ತ್ರಚಿಕಿತ್ಸೆಯ ಪ್ರಾಧ್ಯಾಪಕರಾಗಿದ್ದ ಆಂಗ್ಲರಿಗೆ ಸರಿಬೀಳಲಿಲ್ಲ. ಕೊನೆಗೆ ಎಂ.ಬಿ.ಬಿ.ಎಸ್. ಬದಲು ಅದಕ್ಕಿಂತ ಕೆಳದರ್ಜೆಯ ಎಲ್.ಎಂ.ಎಸ್. ಮಾತ್ರ ದೊರೆಯಿತು. ಕೆಲಕಾಲ ಆಯುರ್ವೇದ ಕಾಲೇಜಿನಲ್ಲಿ ಪಾಠ ಹೇಳಿ, ಮಾವನವರ ಮತ್ತು ಕಾಕಿನಾಡದ ಸತ್ಯಲಿಂಗಂ ಧರ್ಮನಿಧಿಯ ನೆರವಿನಿಂದ 1920ರ ದಶಕದ ಆರಂಭದಲ್ಲಿ ಅಮೆರಿಕಕ್ಕೆ ಹೋದರು. ಎಳೆಯ ವಯಸ್ಸಿನ ಹೆಂಡತಿ ಇಲ್ಲಿಯೇ ಉಳಿದರು. ಸುಬ್ಬರಾಯರು ಮತ್ತೆ ತಾಯ್ನಾಡಿಗೆ ಬರಲೇ ಇಲ್ಲ.

ಬಾಸ್ಟನ್ ನಗರದಲ್ಲಿ ರಾತ್ರಿ ಆಸ್ಪತ್ರೆಯ ಆಳಾಗಿ ರೋಗಿಗಳ ಮಲಮೂತ್ರದ ಪಾತ್ರೆಗಳನ್ನು ತೆಗೆದು, ಹಗಲು ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಓದಿದರು. ಅಲ್ಲಿ ಸೈರಸ್ ಫಿಸ್ಕೆ ಎಂಬ ವಿಜ್ಞಾನಿಯೊಡನೆ ರಕ್ತದಲ್ಲಿರುವ ರಂಜಕವನ್ನು ಅಳೆಯುವ ಕೆಲಸಕ್ಕೆ ಕೈಹಾಕಿದರು. ರಕ್ತದ ಪ್ರೋಟೀನನ್ನು ಬೇರ್ಪಡಿಸಿ, ಉಳಿದ ತಿಳಿಗೆ ಮಾಲಿಬ್ಡೇಟ್ ಬೆರೆಸಿ, ಅನಂತರ ಅಪಕರ್ಷಣಕಾರಿ ವಸ್ತುವೊಂದನ್ನು ಹಾಕಿದರೆ ನೀಲಿ ಬಣ್ಣ ಬರುತ್ತದೆ. ರಂಜಕ ಹೆಚ್ಚಿದ್ದಷ್ಟೂ ನೀಲಿ ಗಾಢ. ಬಣ್ಣದ ತೊಟ್ಟಿಯಿಂದ ತೆಗೆದ ನೂಲನ್ನು ಮಾದರಿಯ ನೂಲಿನ ಪಕ್ಕದಲ್ಲಿ ಹಿಡಿದು ನೋಡುವುದು ಎಮ್ಮಿಗನೂರಿನ ನೇಕಾರರ ಮಕ್ಕಳಿಗೆ ಹೊಸದಲ್ಲ. ಪ್ರಯೋಗಶಾಲೆಯಲ್ಲಿಯೂ ಹಾಗೆಯೇ: ಪ್ರಮಾಣ ಗೊತ್ತಿರುವ ದ್ರಾವಣದೊಡನೆ ಹೋಲಿಸಿ ಅಂಕಿ ಹೇಳುವುದು. 1925ರಲ್ಲಿ ಪ್ರಕಟವಾದ ಈ ವಿಧಾನ ಪ್ರಪಂಚದ ಪ್ರಯೋಗಶಾಲೆಗಳಿಗೆಲ್ಲ ಹಬ್ಬಿತು. ಮೂತ್ರಪಿಂಡ ಕೆಟ್ಟರೆ ರಕ್ತದಲ್ಲಿ ರಂಜಕ ಏರುತ್ತದೆ. ಮಕ್ಕಳ ಮೂಳೆ ಬಾಗುವ ರಿಕೆಟ್ಸ್ ರೋಗದಲ್ಲಿ ಸಾಮಾನ್ಯವಾಗಿ ಇಳಿಯುತ್ತದೆ.

ಇದೇ ಅಳತೆಗೋಲು ಹಿಡಿದು ಸ್ನಾಯುಗಳನ್ನು ಪರೀಕ್ಷಿಸಿದಾಗ 1927ರಲ್ಲಿ ಫಾಸ್ಫೋಕ್ರಿಯಾಟಿನ್, 1929ರಲ್ಲಿ ಎ.ಟಿ.ಪಿ. ಕಂಡುಬಂದವು. ಎ.ಟಿ.ಪಿ.ಯನ್ನು ಅದೇ ಕಾಲಕ್ಕೆ ಜರ್ಮನಿಯ ಲೋಮನ್ ಸ್ವತಂತ್ರವಾಗಿ ಕಂಡುಹಿಡಿದಿದ್ದರು. ಜೀವಕೋಶಗಳು ನಿತ್ಯದ ಖರ್ಚಿಗೆ ಬಳಸುವ ಶಕ್ತಿಯ ನಾಣ್ಯವೇ ಎ.ಟಿ.ಪಿ. ಇದರ ಬಹುಪಾಲನ್ನು ಅವು ಆಮ್ಲಜನಕದ ನೆರವಿನಿಂದ ತಯಾರಿಸುತ್ತವೆ. ಆಗ ಸ್ವಲ್ಪ ಆಮ್ಲಜನಕ ಉಗ್ರರೂಪ ತಾಳಿ ಕೋಶದ ಕೊಬ್ಬನ್ನೂ ಪ್ರೋಟೀನನ್ನೂ ಕೆಡಿಸುತ್ತದೆ. ದೇಹದ ಕಾವಲು ಅದಕ್ಕೆ ಸಾಲದಾದಾಗ ಉಂಟಾಗುವ ಸ್ಥಿತಿಗೆ ಉತ್ಕರ್ಷಣ ಒತ್ತಡವೆಂದು ಹೆಸರು. ಈ ಹೆಸರು ರೂಢಿಗೆ ಬಂದದ್ದು ಸುಬ್ಬರಾಯರು ತೀರಿಕೊಂಡು ಬಹಳ ಕಾಲವಾದ ಮೇಲೆ, 1985ರ ಸುಮಾರಿಗೆ. ಕೆಟ್ಟ ಕೊಬ್ಬಿನಿಂದ ಹುಟ್ಟುವ ಮಲಾನ್‌ಡೈಆಲ್ಡಿಹೈಡ್ ಎಂಬ ವಸ್ತುವನ್ನು ರಕ್ತದಲ್ಲಿ ಹುಡುಕುವುದೂ ಬಣ್ಣದಿಂದಲೇ. ಇಲ್ಲಿ ಮೂಡುವುದು ನಸುಗೆಂಪು. ಸಕ್ಕರೆ ಕಾಯಿಲೆ, ಮೂತ್ರಪಿಂಡದ ಕಾಯಿಲೆ, ಹೃದ್ರೋಗ ಮೊದಲಾದವುಗಳಲ್ಲಿ ಅದು ಹೆಚ್ಚಿರುವುದನ್ನು ಸಂಶೋಧಕರು ಕಂಡಿದ್ದಾರೆ. ಹಲವು ರೋಗಗಳಲ್ಲಿ ಏರುವುದರಿಂದಲೇ ಅದೊಂದನ್ನು ನೋಡಿ ಇಂಥದೇ ರೋಗವೆಂದು ಹೇಳಲಾಗದು. ಆ ಒಂದು ಅಂಕಿ ನಂಬಿ ಮಾತ್ರೆ ಕೊಳ್ಳಲು ಹೊರಡುವುದು ಸರಿಯಲ್ಲ.

ಇಷ್ಟು ಸಾಧಿಸಿದರೂ ಹಾರ್ವರ್ಡಿನಲ್ಲಿ ಸುಬ್ಬರಾಯರಿಗೆ ಖಾಯಂ ಪ್ರಾಧ್ಯಾಪಕ ಹುದ್ದೆ ಸಿಗಲಿಲ್ಲ. 1940ರಲ್ಲಿ ಲೆಡರ್ಲೆ ಔಷಧ ಸಂಸ್ಥೆಯನ್ನು ಸೇರಿದರು. ಅಲ್ಲಿ ಅವರ ನೇತೃತ್ವದ ತಂಡ ಫೋಲಿಕ್ ಆಮ್ಲವನ್ನು ಕೃತಕವಾಗಿ ತಯಾರಿಸಿತು. ಒಡಹುಟ್ಟಿದವರನ್ನು ಕೊಂಡೊಯ್ದ ಸ್ಪ್ರೂ ರೋಗಕ್ಕೆ ಅದು ಮದ್ದಾಯಿತು. ಅಣ್ಣತಮ್ಮಂದಿರಿಗಂತೂ ಅದು ಒದಗಲಿಲ್ಲ. ಫೋಲಿಕ್ ಆಮ್ಲದ ಕೆಲಸವನ್ನು ತಡೆಯುವ ಅಮಿನಾಪ್ಟೆರಿನ್ ಕೂಡ ಅಲ್ಲಿಯದೇ. ಅದರಿಂದ ರಕ್ತದ ಕ್ಯಾನ್ಸರ್ ಇದ್ದ ಮಕ್ಕಳಲ್ಲಿ ರೋಗ ತಾತ್ಕಾಲಿಕವಾಗಿ ಹಿಮ್ಮೆಟ್ಟಿದ್ದನ್ನು ಡಾ. ಸಿಡ್ನಿ ಫಾರ್ಬರ್ 1948ರಲ್ಲಿ ಪ್ರಕಟಿಸಿದರು. ಆನೆಕಾಲು ರೋಗಕ್ಕೆ ಇಂದಿಗೂ ಕೊಡುವ ಡೈಈಥೈಲ್‌ಕಾರ್ಬಮಝೀನ್ ಸಹ ಅದೇ ತಂಡದ ಕೊಡುಗೆ.

ಅದೇ 1948ರ ಆಗಸ್ಟ್ ತಿಂಗಳಲ್ಲಿ, 53ನೆಯ ವಯಸ್ಸಿನಲ್ಲಿ, ಸುಬ್ಬರಾಯರು ಅಮೆರಿಕದಲ್ಲಿಯೇ ನಿಧನರಾದರು. ಭಾರತ ಸರ್ಕಾರ 1995ರಲ್ಲಿ, ಅವರು ಹುಟ್ಟಿ ನೂರು ವರ್ಷವಾದಾಗ, ಅವರ ಚಿತ್ರವಿರುವ ಅಂಚೆಚೀಟಿಯನ್ನು ಹೊರತಂದಿತು. ರಂಜಕ ಅಳೆಯುವ ಆ ಪರೀಕ್ಷೆಯನ್ನು ಜೀವರಸಾಯನ ಶಾಸ್ತ್ರದ ಪುಸ್ತಕಗಳಲ್ಲಿ ಈಗಲೂ ಫಿಸ್ಕೆ–ಸುಬ್ಬರಾವ್ ವಿಧಾನವೆಂದೇ ಕರೆಯುತ್ತಾರೆ.