ಬೆಂಗಳೂರಿನಲ್ಲಿ ಹುಟ್ಟಿದ ಈ ಸೇನಾಧಿಕಾರಿ ಯುದ್ಧ ‘ಟ್ಯಾಂಕ್’ಗೆ ಹೆಸರು ಕೊಟ್ಟರು: ಯಾರಿದು ಅರ್ನೆಸ್ಟ್ ಸ್ವಿಂಟನ್?

ಟ್ಯಾಂಕ್ ಎಂದರೆ ನಮಗೆ ಮೊದಲು ನೆನಪಾಗುವುದು ಮನೆಯ ತಾರಸಿ ಮೇಲಿನ ನೀರಿನ ತೊಟ್ಟಿ. ಗಣರಾಜ್ಯೋತ್ಸವದ ಪರೇಡ್ ನೋಡುವಾಗ ಅದೇ ಪದ ಫಿರಂಗಿ ಹೊತ್ತ ಉಕ್ಕಿನ ವಾಹನವಾಗುತ್ತದೆ. ಸಂಬಂಧವೇ ಇಲ್ಲದ ಈ ಎರಡಕ್ಕೂ ಒಂದೇ ಹೆಸರು ಬಂದಿದ್ದು ಹೇಗೆ? ಉತ್ತರ ಇರುವುದು 1915ರ ಲಂಡನ್‌ನಲ್ಲಿ, ಗುಟ್ಟು ಕಾಪಾಡಲು ಹೇಳಿದ ಒಂದು ಸುಳ್ಳಿನಲ್ಲಿ. ಆ ಹೆಸರನ್ನು ಆರಿಸಿದ ಇಬ್ಬರಲ್ಲಿ ಒಬ್ಬರು ಬೆಂಗಳೂರಿನಲ್ಲಿ ಹುಟ್ಟಿದ ಅರ್ನೆಸ್ಟ್ ಡನ್‌ಲಪ್ ಸ್ವಿಂಟನ್.

ಸೈನಿಕ, ಅದಕ್ಕಿಂತ ಹೆಚ್ಚಾಗಿ ಬರಹಗಾರ

ಸ್ವಿಂಟನ್ ಹುಟ್ಟಿದ್ದು 1868ರ ಅಕ್ಟೋಬರ್ 21ರಂದು. ತಂದೆ ಮದ್ರಾಸ್ ಸಿವಿಲ್ ಸರ್ವಿಸ್‌ನಲ್ಲಿ ನ್ಯಾಯಾಧೀಶರು. ಬಾಲ್ಯದಲ್ಲೇ ಕುಟುಂಬ ಇಂಗ್ಲೆಂಡ್‌ಗೆ ಮರಳಿತು. ವುಲಿಚ್‌ನ ಮಿಲಿಟರಿ ಅಕಾಡೆಮಿಯಲ್ಲಿ ಓದಿದ ಸ್ವಿಂಟನ್, 1888ರಲ್ಲಿ ರಾಯಲ್ ಎಂಜಿನಿಯರ್ಸ್ ಸೇರಿದರು. ದಕ್ಷಿಣ ಆಫ್ರಿಕಾದ ಬೋಯರ್ ಯುದ್ಧದಲ್ಲಿ ರೈಲ್ವೆ ಕೆಲಸದ ತುಕಡಿಯಲ್ಲಿದ್ದರು.

ಆ ಯುದ್ಧದ ಪಾಠಗಳನ್ನು ಅವರು ಒಂದು ಪುಟ್ಟ ಪುಸ್ತಕದಲ್ಲಿ ಇಳಿಸಿದರು. ಅದೇ 1904ರ ‘ದಿ ಡಿಫೆನ್ಸ್ ಆಫ್ ಡಫರ್ಸ್ ಡ್ರಿಫ್ಟ್’. ನದಿ ದಾಟುವ ಜಾಗವೊಂದನ್ನು ಕಾಯಲು ಹೊರಟ ಅನನುಭವಿ ಅಧಿಕಾರಿ ಆರು ಕನಸು ಕಾಣುತ್ತಾನೆ. ಪ್ರತಿ ಕನಸಿನಲ್ಲೂ ಒಂದು ತಪ್ಪು ತಿದ್ದಿಕೊಳ್ಳುತ್ತಾ ಹೋಗುತ್ತಾನೆ. ಸೇನಾ ತರಬೇತಿಯಲ್ಲಿ ಇಂದಿಗೂ ಓದಿಸುವ ಪುಸ್ತಕವಿದು. ಲೇಖಕನ ಗುಪ್ತನಾಮ ಬ್ಯಾಕ್‌ಸೈಟ್ ಫೋರ್‌ಥಾಟ್. ಸಂಕ್ಷಿಪ್ತವಾಗಿ ಬಿಎಫ್. ಬ್ರಿಟಿಷ್ ಸೈನಿಕರ ಆಡುಮಾತಿನಲ್ಲಿ ಈ ಎರಡಕ್ಷರಕ್ಕೆ ಶತಮೂರ್ಖ ಎಂಬ ಅರ್ಥ. ಪದಗಳ ಜೊತೆ ಆಟವಾಡುವ ಈ ಗುಣವೇ ಮುಂದೆ ಅವರ ಕೈ ಹಿಡಿಯಿತು.

1914ರಲ್ಲಿ ಮೊದಲ ಮಹಾಯುದ್ಧ ಶುರುವಾದಾಗ ಪತ್ರಕರ್ತರಿಗೆ ರಣರಂಗಕ್ಕೆ ಪ್ರವೇಶ ಇರಲಿಲ್ಲ. ವರದಿ ಬರೆಯಲು ಯುದ್ಧ ಸಚಿವ ಕಿಚನರ್ ಕಳುಹಿಸಿದ್ದು ಸ್ವಿಂಟನ್ ಅವರನ್ನು. ‘ಐವಿಟ್ನೆಸ್’, ಅಂದರೆ ಪ್ರತ್ಯಕ್ಷದರ್ಶಿ ಎಂಬ ಹೆಸರಿನಲ್ಲಿ ಅವರ ವರದಿಗಳು ಪತ್ರಿಕೆಗಳಲ್ಲಿ ಬಂದವು. ಸೆನ್ಸಾರ್ ಆಗಿ ಬರುತ್ತಿದ್ದ ಇವನ್ನು ಓದುಗರು ‘ಐವಾಷ್’, ಅಂದರೆ ಕಣ್ಣೊರೆಸುವ ತಂತ್ರ ಎಂದು ಗೇಲಿ ಮಾಡಿದ್ದೂ ಇದೆ.

ಟ್ರ್ಯಾಕ್ಟರ್‌ನಿಂದ ಹುಟ್ಟಿದ ಯೋಚನೆ

ಫ್ರಾನ್ಸ್‌ನಲ್ಲಿ ಅವರು ಕಂಡಿದ್ದು ಮುಳ್ಳುತಂತಿ, ಕಂದಕ ಮತ್ತು ಮಷಿನ್ ಗನ್. ಎದ್ದು ಮುನ್ನುಗ್ಗಿದ ಸೈನಿಕರು ಕೆಲವೇ ಹೆಜ್ಜೆಗಳಲ್ಲಿ ಉರುಳುತ್ತಿದ್ದರು. ಆಗ ನೆನಪಾಗಿದ್ದು ಅಮೆರಿಕದ ಹೋಲ್ಟ್ ಕಂಪನಿಯ ಕ್ಯಾಟರ್‌ಪಿಲ್ಲರ್ ಟ್ರ್ಯಾಕ್ಟರ್. ಚಕ್ರದ ಬದಲು ಉಕ್ಕಿನ ಪಟ್ಟಿಯ ಮೇಲೆ ಓಡುವ ಈ ಯಂತ್ರದ ಬಗ್ಗೆ ಯುದ್ಧಕ್ಕೆ ಮುಂಚೆಯೇ ಸ್ನೇಹಿತರೊಬ್ಬರು ಪತ್ರ ಬರೆದಿದ್ದರು. ಅದಕ್ಕೆ ಉಕ್ಕಿನ ಕವಚ ತೊಡಿಸಿ, ಗನ್ ಕೂರಿಸಿದರೆ ತಂತಿಯನ್ನು ತುಳಿದು ಕಂದಕ ದಾಟಬಹುದು ಎಂಬುದು ಅವರ ಲೆಕ್ಕಾಚಾರ.

1914ರ ಅಕ್ಟೋಬರ್‌ನಲ್ಲಿ ಅವರು ಈ ಸಲಹೆಯನ್ನು ಲಂಡನ್‌ನಲ್ಲಿ ಹಿರಿಯ ಅಧಿಕಾರಿ ಮಾರಿಸ್ ಹ್ಯಾಂಕಿ ಮುಂದಿಟ್ಟರು. ಸೇನೆ ಆಸಕ್ತಿ ತೋರಲಿಲ್ಲ. ಮುಂದೆ ಬಂದಿದ್ದು ನೌಕಾ ಇಲಾಖೆಯ ಮುಖ್ಯಸ್ಥರಾಗಿದ್ದ ವಿನ್‌ಸ್ಟನ್ ಚರ್ಚಿಲ್. 1915ರ ಫೆಬ್ರವರಿಯಲ್ಲಿ ಲ್ಯಾಂಡ್‌ಶಿಪ್ಸ್ ಕಮಿಟಿ, ಅಂದರೆ ನೆಲದ ಹಡಗುಗಳ ಸಮಿತಿ ರಚನೆಯಾಯಿತು. ಟ್ಯಾಂಕ್ ಸಿಬ್ಬಂದಿ ಇಂದಿಗೂ ಬಳಸುವ ಹಲ್, ಟರೆಟ್, ಹ್ಯಾಚ್ ಪದಗಳು ಹಡಗಿನ ಭಾಷೆಯವು. ಮೊದಲ ಮಾದರಿಯೊಂದರ ಹೆಸರಿಗೆ ಎಚ್‌ಎಂಎಲ್‌ಎಸ್ ಎಂಬ ಸಂಕ್ಷೇಪವೂ ಸೇರಿಕೊಂಡಿತ್ತು. ಯುದ್ಧನೌಕೆಗಳ ಎಚ್‌ಎಂಎಸ್‌ನಂತೆಯೇ ಇದು ದೊರೆಯ ನೆಲದ ಹಡಗು.

ಡಬ್ಲ್ಯೂಸಿ ಆಗಬೇಕಿದ್ದ ಹೆಸರು

ಲಿಂಕನ್ ನಗರದ ವಿಲಿಯಂ ಫಾಸ್ಟರ್ ಕಾರ್ಖಾನೆಯಲ್ಲಿ ವಿಲಿಯಂ ಟ್ರಿಟನ್ ಮತ್ತು ವಾಲ್ಟರ್ ವಿಲ್ಸನ್ ಯಂತ್ರ ಕಟ್ಟುತ್ತಿದ್ದರು. ಲ್ಯಾಂಡ್‌ಶಿಪ್ ಎಂದರೆ ಗುಟ್ಟೆಲ್ಲ ಬಯಲಾಗುತ್ತದೆ. ಹಾಗಾಗಿ ಇದು ಮೆಸೊಪೊಟೇಮಿಯಾಗೆ ನೀರು ಸಾಗಿಸುವ ವಾಹನ ಎಂದು ಕಾರ್ಮಿಕರಿಗೆ ಹೇಳಲಾಗಿತ್ತು. ಹಾಗಾದರೆ ವಾಟರ್ ಕ್ಯಾರಿಯರ್ ಎಂದೇ ಕರೆಯಬಹುದಲ್ಲ? ಸರ್ಕಾರಿ ಕಡತಗಳಲ್ಲಿ ಎಲ್ಲವೂ ಸಂಕ್ಷೇಪವಾಗುತ್ತದೆ. ಇದು ಡಬ್ಲ್ಯೂಸಿ, ಅಂದರೆ ಶೌಚಾಲಯವಾಗುತ್ತಿತ್ತು! ಆ ಹೆಸರು ಬಿದ್ದುಹೋಗಲು ಇದೂ ಒಂದು ಕಾರಣ ಎಂದು ಯೋಜನೆಯಲ್ಲಿದ್ದವರು ನಂತರ ನೆನಪಿಸಿಕೊಂಡಿದ್ದಾರೆ.

1915ರ ಡಿಸೆಂಬರ್ 24ರಂದು ಸ್ವಿಂಟನ್ ಮತ್ತು ಸಹೋದ್ಯೋಗಿ ವಾಲ್ಟರ್ ಡ್ಯಾಲಿ ಜೋನ್ಸ್ ಹೊಸ ಹೆಸರಿಗೆ ಹುಡುಕಾಡಿದರು. ಕಂಟೇನರ್, ರಿಸರ್ವಾಯರ್, ಸಿಸ್ಟರ್ನ್ ಮುಂತಾದ ಪದಗಳನ್ನು ಒಂದೊಂದಾಗಿ ಬದಿಗಿಟ್ಟರು. ಉಳಿದಿದ್ದು ಟ್ಯಾಂಕ್. ಚಿಕ್ಕದು, ಬಾಯಲ್ಲಿ ನಿಲ್ಲುತ್ತದೆ ಎಂಬ ಕಾರಣಕ್ಕೆ ಅದೇ ಅಂತಿಮವಾಯಿತು. ಮುಂದೆ ಇವು ರಷ್ಯಾಗೆ ಹೋಗುತ್ತಿವೆ ಎಂದು ನಂಬಿಸಲು ಮೈಮೇಲೆ ರಷ್ಯನ್ ಅಕ್ಷರಗಳಲ್ಲಿ ಪೆಟ್ರೊಗ್ರಾಡ್ ವಿಳಾಸವನ್ನೂ ಬರೆಯಲಾಯಿತು.

ಈ ಪದಕ್ಕೂ ಭಾರತಕ್ಕೂ ನಂಟಿದೆ. ಗುಜರಾತಿ, ಮರಾಠಿ ಭಾಷೆಗಳ ನೀರಿನ ತೊಟ್ಟಿಯ ಪದ ಇಂಗ್ಲಿಷ್‌ನ ಟ್ಯಾಂಕ್‌ಗೆ ಒಂದು ಮೂಲ ಎಂಬ ವಿವರಣೆ ನಿಘಂಟುಗಳಲ್ಲಿ ಸಿಗುತ್ತದೆ. ಬ್ರಿಟಿಷರು ಇಲ್ಲಿನ ಕೆರೆಗಳನ್ನೂ ಟ್ಯಾಂಕ್ ಎಂದೇ ಕರೆದರು. ಹೈದರಾಬಾದ್‌ನ ಟ್ಯಾಂಕ್ ಬಂಡ್ ಹೆಸರು ಹಾಗೆ ಬಂದಿದ್ದು.

ಗಂಡು, ಹೆಣ್ಣು ಮತ್ತು ಷಾಂಪೇನ್

1916ರಲ್ಲಿ ಮೊದಲ ಟ್ಯಾಂಕ್ ಪಡೆಯನ್ನು ಕಟ್ಟುವ ಹೊಣೆ ಸ್ವಿಂಟನ್ ಹೆಗಲಿಗೆ ಬಿತ್ತು. ಪಡೆಯ ಹೆಸರಲ್ಲೂ ಗುಟ್ಟು! ಅದನ್ನು ಮಷಿನ್ ಗನ್ ಕೋರ್‌ನ ಹೆವಿ ಸೆಕ್ಷನ್ ಎಂದು ಕರೆಯಲಾಯಿತು. ಆರು ಪೌಂಡ್ ಗುಂಡಿನ ಎರಡು ಫಿರಂಗಿ ಇದ್ದರೆ ಅದು ಗಂಡು ಟ್ಯಾಂಕ್, ಮಷಿನ್ ಗನ್ ಮಾತ್ರ ಇದ್ದರೆ ಹೆಣ್ಣು. ಸಿ ಕಂಪನಿಯವರು ತಮ್ಮ ಟ್ಯಾಂಕ್‌ಗಳಿಗೆ ಇಂಗ್ಲಿಷ್‌ನ ಸಿ ಅಕ್ಷರದಿಂದ ಹೆಸರಿಟ್ಟರು. ಷಾಂಪೇನ್, ಕೊನ್ಯಾಕ್ ಮುಂತಾದ ಮದ್ಯಗಳ ಹೆಸರೂ ಅದರಲ್ಲಿದ್ದವು. ಡಿ ಕಂಪನಿಯಲ್ಲಿ ಡೇರ್‌ಡೆವಿಲ್ ಇತ್ತು. ಟ್ಯಾಂಕ್‌ಗೆ ಹೆಸರಿಡುವ ಪದ್ಧತಿ ಭಾರತೀಯ ಸೇನೆಯಲ್ಲೂ ಕಾಣುತ್ತದೆ. ಪುಣೆಯಲ್ಲಿ ಹುಟ್ಟಿದ ಪರಮವೀರ ಚಕ್ರ ಪುರಸ್ಕೃತ ಅರುಣ್ ಖೇತ್ರಪಾಲ್ 1971ರ ಬಸಂತರ್ ಕದನದಲ್ಲಿ ಹೋರಾಡಿದ ಟ್ಯಾಂಕ್ ಹೆಸರು ಫಾಮಾಗುಸ್ತಾ.

ತಮಾಷೆಯ ಹೆಸರುಗಳ ಒಳಗಿನ ಬದುಕು ಮಾತ್ರ ನರಕ. ಸುಮಾರು 28 ಟನ್ ತೂಕದ ಆ ಯಂತ್ರದೊಳಗೆ ಎಂಟು ಜನ, ಅವರ ನಡುವೆಯೇ ಎಂಜಿನ್. ಸುಡುವ ಸೆಕೆ, ಪೆಟ್ರೋಲ್ ಹೊಗೆ, ಕಿವಿಗಡಚಿಕ್ಕುವ ಸದ್ದು. ಮಾತು ಕೇಳಿಸದ ಕಾರಣ ಕೈಸನ್ನೆಯೇ ಗತಿ. ಹೊರಗಿನವರಿಗೆ ಸುದ್ದಿ ಮುಟ್ಟಿಸಲು ಪಾರಿವಾಳ.

ಕಡೆಗಣಿಸಿದ ಎಚ್ಚರಿಕೆ

ಈ ಅಸ್ತ್ರವನ್ನು ಬಳಸುವ ರೀತಿಯನ್ನೂ ಸ್ವಿಂಟನ್ 1916ರ ಫೆಬ್ರವರಿಯಲ್ಲೇ ಬರೆದುಕೊಟ್ಟಿದ್ದರು. ಅದರ ತಿರುಳು ಇಷ್ಟೇ: ಚೂರುಚೂರಾಗಿ ಕಳುಹಿಸಬೇಡಿ, ದೊಡ್ಡ ಸಂಖ್ಯೆ ಸೇರುವವರೆಗೆ ಗುಟ್ಟಾಗಿಡಿ, ಒಮ್ಮೆಲೇ ನುಗ್ಗಿಸಿ. ಆದರೆ ಸೊಮ್ಮೆ ಕದನದಲ್ಲಿ ಸಿಲುಕಿದ್ದ ಬ್ರಿಟಿಷ್ ದಂಡನಾಯಕ ಡಗ್ಲಸ್ ಹೇಗ್ ಕಾಯಲು ಸಿದ್ಧರಿರಲಿಲ್ಲ.

1916ರ ಸೆಪ್ಟೆಂಬರ್ 15ರಂದು ಫ್ಲೆರ್ಸ್ ಬಳಿ ಟ್ಯಾಂಕ್‌ಗಳು ಮೊದಲ ಬಾರಿ ರಣರಂಗಕ್ಕಿಳಿದವು. ಲಭ್ಯವಿದ್ದ 49ರಲ್ಲಿ ದಾಳಿ ಆರಂಭದ ಜಾಗ ತಲುಪಿದ್ದು 32. ಹಲವು ಕೆಟ್ಟು ನಿಂತವು, ಕೆಲವು ಹಳ್ಳಕ್ಕೆ ಬಿದ್ದವು. ಆದರೂ ಒಂದು ಟ್ಯಾಂಕ್ ಫ್ಲೆರ್ಸ್ ಹಳ್ಳಿಯೊಳಗೆ ನುಗ್ಗಿದ ಸುದ್ದಿ ಲೋಕವನ್ನೇ ಬೆರಗಾಗಿಸಿತು. ಹೇಗ್ ಇನ್ನೂ 1,000 ಟ್ಯಾಂಕ್ ಕೇಳಿದರು. ಅದೇ ವರ್ಷ ಸ್ವಿಂಟನ್ ಅವರನ್ನು ಪಡೆಯ ಹುದ್ದೆಯಿಂದ ಬದಲಿಸಲಾಯಿತು. 1917ರ ನವೆಂಬರ್ 20ರಂದು ಕಾಂಬ್ರೇಯಲ್ಲಿ 470ಕ್ಕೂ ಹೆಚ್ಚು ಟ್ಯಾಂಕ್‌ಗಳು ಒಟ್ಟಿಗೆ ನುಗ್ಗಿ ಜರ್ಮನ್ ಸಾಲನ್ನು ಭೇದಿಸಿದಾಗ ಅವರ ಮಾತು ನಿಜವಾಯಿತು. ಆಗ ಪಡೆ ಅವರ ಕೈಯಲ್ಲಿರಲಿಲ್ಲ.

1,000 ಪೌಂಡ್, ಒಂದು ಪದ

ಟ್ಯಾಂಕ್ ಕಂಡುಹಿಡಿದವರು ಯಾರು? 1919ರಲ್ಲಿ ಬ್ರಿಟನ್‌ನ ರಾಯಲ್ ಕಮಿಷನ್ ಇದನ್ನು ವಿಚಾರಿಸಿತು. ಯಂತ್ರ ಕಟ್ಟಿದ ಟ್ರಿಟನ್ ಮತ್ತು ವಿಲ್ಸನ್‌ಗೆ 15,000 ಪೌಂಡ್ ಸಿಕ್ಕಿತು. ಸ್ವಿಂಟನ್‌ಗೆ 1,000 ಪೌಂಡ್. ಅವರೂ ಶ್ರೇಯಸ್ಸನ್ನು ಒಬ್ಬರೇ ಇಟ್ಟುಕೊಂಡವರಲ್ಲ. 1918ರಲ್ಲೇ ಅಮೆರಿಕಕ್ಕೆ ಹೋಗಿದ್ದಾಗ ಕ್ಯಾಲಿಫೋರ್ನಿಯಾದ ಸ್ಟಾಕ್‌ಟನ್‌ಗೆ ತೆರಳಿ, ಟ್ರ್ಯಾಕ್ಟರ್ ತಯಾರಕ ಬೆಂಜಮಿನ್ ಹೋಲ್ಟ್‌ಗೆ ಬಹಿರಂಗವಾಗಿ ಗೌರವ ಸಲ್ಲಿಸಿದ್ದರು.

ಮೇಜರ್ ಜನರಲ್ ಆಗಿ ನಿವೃತ್ತರಾದ ಅವರು 1925ರಿಂದ 1939ರವರೆಗೆ ಆಕ್ಸ್‌ಫರ್ಡ್‌ನಲ್ಲಿ ಸೇನಾ ಇತಿಹಾಸದ ಪ್ರಾಧ್ಯಾಪಕರಾಗಿದ್ದರು. 1934ರಲ್ಲಿ ರಾಯಲ್ ಟ್ಯಾಂಕ್ ಕೋರ್‌ನ ಗೌರವ ಹುದ್ದೆಯೂ ಬಂತು. ಹಿಂದೆ ಕೈತಪ್ಪಿದ್ದ ಪಡೆ ಅವರನ್ನು ಮತ್ತೆ ತನ್ನವರೆಂದಿತು. 1951ರ ಜನವರಿ 15ರಂದು ಆಕ್ಸ್‌ಫರ್ಡ್‌ನಲ್ಲಿ ನಿಧನರಾದರು.

ಇಂದು ಚೆನ್ನೈನ ಆವಡಿಯಲ್ಲಿ ತಯಾರಾಗುವ ಅರ್ಜುನ್ ಎಂಬಿಟಿ. ಅಂದರೆ ಮೇನ್ ಬ್ಯಾಟಲ್ ಟ್ಯಾಂಕ್. ಟಿ-72ಗೆ ಅಜೇಯ, ಟಿ-90ಗೆ ಭೀಷ್ಮ ಎಂದು ನಮ್ಮ ಸೇನೆ ಹೆಸರಿಟ್ಟಿದೆ. ಈ ಹೆಸರುಗಳ ಮುಂದೆಯೂ ಹಿಂದೆಯೂ ಟ್ಯಾಂಕ್ ಎಂಬ ಪದ ಉಳಿದೇ ಇದೆ. ಕೆಲವು ತಿಂಗಳು ಗುಟ್ಟು ಕಾಯಲೆಂದು ಹುಡುಕಿದ ಆ ಸುಳ್ಳು ಹೆಸರು, ಗುಟ್ಟು ಬಯಲಾಗಿ 100 ವರ್ಷ ದಾಟಿದರೂ ಬದಲಾಗಿಲ್ಲ.